ನಿರಾಶ್ರಿತರಾಗುವುದು ಹೇಗೆ?
ಮನೆ ಬಿಟ್ಟು ಓಡುವವರೆಲ್ಲ ನಿರಾಶ್ರಿತರಲ್ಲ. ಮಕ್ಕಳಿಗೆ ಮೊದಲು ಹೇಳಬೇಕಾದದ್ದು ಇದು. ಎರಡನೇ ಮಹಾಯುದ್ಧದ ನಡುವೆ, 1942ರ ಏಪ್ರಿಲ್‌ನಲ್ಲಿ, ಜಪಾನೀಯರು ಬಂದೇಬಿಟ್ಟರೆಂಬ ಭಯಕ್ಕೆ ಮದ್ರಾಸಿನ (ಇಂದಿನ ಚೆನ್ನೈ) ಅಪಾರ ಜನ, ಮೈಲಾಪೂರ್‌ನವರೂ ಸೇರಿ, ಒಳನಾಡಿನ ನೆಂಟರ ಊರು ಸೇರಿಕೊಂಡರು. ಭಯ ಇಳಿದ ಮೇಲೆ ಮರಳಿದರು. ಅವರು ಗಡಿ ದಾಟಿರಲಿಲ್ಲ, ಹಿಂದಿರುಗಲು ಮನೆಯೂ ಇತ್ತು. 1983ರ ಜುಲೈನಲ್ಲಿ ಶ್ರೀಲಂಕಾದ ತಮಿಳರಿಗೆ ಆ ಭಾಗ್ಯವಿರಲಿಲ್ಲ. ತಮಿಳರ ವಿರುದ್ಧದ ಗಲಭೆಯಲ್ಲಿ ಕೊಲಂಬೊದ ಅವರ ಮನೆ, ಅಂಗಡಿಗಳು ಉರಿಯುವಾಗ ಪೊಲೀಸರು ಹಲವೆಡೆ ಸುಮ್ಮನೆ ನಿಂತಿದ್ದರು. ಕಾಯಬೇಕಾದವರೇ ಕಾಯದಿದ್ದರೆ ದೂರು ಕೊಡುವುದಾದರೂ ಯಾರಿಗೆ? ಹೀಗಾಗಿ ಸಾವಿರಾರು ಕುಟುಂಬಗಳು ದೋಣಿಯೇರಿ ರಾಮೇಶ್ವರದ ಕಡೆ ಬಂದವು. ಹಲವರಿಗೆ ಮಂಡಪಂ ಶಿಬಿರವೇ ಮೊದಲ ನೆಲೆ. ಕೆಲವರು ಚೆನ್ನೈ ಸೇರಿದರು. ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ, ಈ ಕಾರಣಗಳಿಗೆ ಕಿರುಕುಳದ ಭಯವಿದ್ದು ದೇಶದ ಹೊರಗಿರುವವರನ್ನು ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಪ್ಪಂದ ನಿರಾಶ್ರಿತರೆನ್ನುತ್ತದೆ. ಹಸಿವಿಗೆ, ಬರಕ್ಕೆ ಅದರಲ್ಲಿ ಜಾಗವಿಲ್ಲ; ಮಕ್ಕಳು ಏಕೆಂದು ಕೇಳಿದರೆ ಉತ್ತರಿಸುವುದು ಕಷ್ಟ. ಭಾರತ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೂ ಆಶ್ರಯ ಕೊಟ್ಟಿದೆ, ಪೌರತ್ವದ ಮಾತು ಬೇರೆ: 1987ರ ಜುಲೈ ನಂತರ ಇಲ್ಲಿನ ಶಿಬಿರಗಳಲ್ಲಿ ಹುಟ್ಟಿದರೂ, ತಂದೆತಾಯಿ ಇಬ್ಬರೂ ವಿದೇಶಿಯರಾಗಿದ್ದರೆ ಮಗುವಿಗೆ ಹುಟ್ಟಿನಿಂದ ಭಾರತದ ಪೌರತ್ವ ಸಿಗುವುದಿಲ್ಲ.