ಮನೆ ಕಟ್ಟುವ ಮೊದಲೇ ಸರದಿ ತಿದ್ದುವ ರಾಜಕೀಯ

ಐದು ವರ್ಷಗಳಲ್ಲಿ 15 ಲಕ್ಷ ಮನೆ. 2024ರ ಜುಲೈ ಚುನಾವಣೆಯಲ್ಲಿ ಲೇಬರ್ ಪಕ್ಷ ಇಂಗ್ಲೆಂಡಿನ ಮತದಾರರಿಗೆ ಕೊಟ್ಟ ಮಾತು ಇದು. ವರ್ಷಕ್ಕೆ 3 ಲಕ್ಷ ಎಂದಾಯಿತು. 2024–25ರಲ್ಲಿ ಹೊಸದಾಗಿ ಸೇರಿದ್ದು ಸುಮಾರು 2,08,600 ಮನೆ. ಆ ವರ್ಷದ ಮೊದಲ ಮೂರು ತಿಂಗಳು ಹಿಂದಿನ ಕನ್ಸರ್ವೇಟಿವ್ ಸರ್ಕಾರದ್ದು ಎಂಬುದನ್ನೂ, ಕಟ್ಟಡದ ಕೆಲಸ ವರ್ಷದೊಳಗೆ ದಿಕ್ಕು ಬದಲಿಸುವಂಥದ್ದಲ್ಲ ಎಂಬುದನ್ನೂ ಒಪ್ಪೋಣ. ಆದರೂ ಗುರಿ ತಪ್ಪುವ ಲಕ್ಷಣ ಕಣ್ಣಿಗೆ ಹೊಡೆಯುತ್ತಿದೆ. ತಪ್ಪಿದ ಮೇಲೆ ಏನಾಗುತ್ತದೆ ಎಂಬುದು ಇನ್ನೂ ದೊಡ್ಡ ಚಿಂತೆ. ಎಷ್ಟು ಮನೆ ಕಟ್ಟಿದಿರಿ ಎಂದು ಕೇಳುತ್ತಿದ್ದ ಜನ, ಇರುವ ಮನೆಗಳನ್ನು ಯಾರಿಗೆ ಕೊಟ್ಟಿರಿ ಎಂದು ಕೇಳತೊಡಗುತ್ತಾರೆ. ಆ ಎರಡನೇ ಪ್ರಶ್ನೆಗೆ ಸಿದ್ಧ ಉತ್ತರ ಇಟ್ಟುಕೊಂಡ ಪಕ್ಷಗಳು ಈಗಾಗಲೇ ಬಾಗಿಲು ತಟ್ಟುತ್ತಿವೆ.

ಬ್ರಿಟನ್ನಿಗೆ ಇದು ಹೊಸತಲ್ಲ. ಪೂರ್ವ ಲಂಡನ್ನಿನ ಡ್ಯಾಗೆನಂನಲ್ಲಿ ಬೆಕನ್‌ಟ್ರೀ ಎಂಬ ದೊಡ್ಡ ಬಡಾವಣೆಯಿದೆ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಯೋಗ್ಯ ಮನೆ ಕೊಡುತ್ತೇವೆಂದು ಲಾಯ್ಡ್ ಜಾರ್ಜ್ ಸರ್ಕಾರ 1919ರಲ್ಲಿ ಒಂದು ಕಾಯ್ದೆ ತಂದಿತು. ಅದರ ಬೆನ್ನಿಗೇ ಸ್ಥಳೀಯ ಆಡಳಿತ ಸಂಸ್ಥೆಯಾದ ಲಂಡನ್ ಕೌಂಟಿ ಕೌನ್ಸಿಲ್ ಬಾಡಿಗೆಗೆ ಕೊಡಲೆಂದು ಇಲ್ಲಿ 25,000ಕ್ಕೂ ಹೆಚ್ಚು ಮನೆ ಕಟ್ಟಿತು. ಈಸ್ಟ್ ಎಂಡಿನ ಕೊಳೆಗೇರಿಗಳಲ್ಲಿ ಇಡೀ ಸಂಸಾರ ಒಂದೆರಡು ಕೋಣೆಗಳಲ್ಲಿ ಕಳೆಯುತ್ತಿದ್ದವರಿಗೆ ಇಟ್ಟಿಗೆಯ ಎರಡಂತಸ್ತಿನ ಮನೆ ಸಿಕ್ಕಿತು. ಮನೆಯೊಳಗೇ ಶೌಚಾಲಯ, ಮುಂದೊಂದು ಹಿಂದೊಂದು ಕೈತೋಟ, ಬೇಲಿಗಿಡಗಳನ್ನು ಒಪ್ಪವಾಗಿ ಕತ್ತರಿಸಿಡಬೇಕೆಂಬ ಕಟ್ಟಳೆ ಬೇರೆ. 1931ರಲ್ಲಿ ಫೋರ್ಡ್ ಕಾರ್ಖಾನೆ ಬಂತು. ತಂದೆ ಕಾರ್ಖಾನೆಗೆ, ಮಗ ಕಾರ್ಖಾನೆಗೆ. ಮಗ ಮದುವೆಯಾದರೆ ಅದೇ ಬಡಾವಣೆಯಲ್ಲಿ ಕೌನ್ಸಿಲ್ ಮನೆ ಸಿಗುತ್ತದೆಂಬ ಭರವಸೆ.

1980ರಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಬಾಡಿಗೆದಾರರಿಗೆ ತಾವಿದ್ದ ಕೌನ್ಸಿಲ್ ಮನೆಯನ್ನು ಕೊಳ್ಳುವ ಹಕ್ಕು ಕೊಟ್ಟಿತು. ಮೂರು ವರ್ಷ ಇದ್ದವರಿಗೆ ಬೆಲೆಯಲ್ಲಿ ಮೂರನೇ ಒಂದು ಪಾಲು ರಿಯಾಯಿತಿ, ಬಹುಕಾಲ ಇದ್ದವರಿಗೆ ಅರ್ಧದವರೆಗೆ. ಕೊಂಡವರನ್ನು ನಾನು ಒಂದು ಮಾತೂ ಅನ್ನಲಾರೆ. ಜೀವಮಾನವಿಡೀ ಬಾಡಿಗೆ ಕಟ್ಟಿದ ಕಾರ್ಮಿಕನೊಬ್ಬ ತನ್ನ ಮಕ್ಕಳಿಗೆ ಗೋಡೆಯೊಂದನ್ನು ಬಿಟ್ಟುಹೋಗಲು ಬಯಸಿದರೆ ಅದು ನ್ಯಾಯವೇ. ತಪ್ಪು ನಡೆದದ್ದು ಬೇರೆಡೆ. ಮಾರಿದ ಹಣದಲ್ಲಿ ಹೊಸ ಮನೆ ಕಟ್ಟದಂತೆ ಲಂಡನ್ನಿನ ಖಜಾನೆ ಕೌನ್ಸಿಲ್‌ಗಳ ಕೈ ಕಟ್ಟಿತು. ಇಂಗ್ಲೆಂಡಿನಲ್ಲಿ ಇದುವರೆಗೆ ಹೀಗೆ ಮಾರಾಟವಾದದ್ದು 20 ಲಕ್ಷದ ಹತ್ತಿರ. ಆ ಬಡಾವಣೆ ಸೇರಿರುವ ಬಾರ್ಕಿಂಗ್ ಅಂಡ್ ಡ್ಯಾಗೆನಂ ಆಡಳಿತ ಪ್ರದೇಶದಲ್ಲಿ ಸುಮಾರು ಅರ್ಧದಷ್ಟು ಕೌನ್ಸಿಲ್ ಮನೆಗಳು ಕೈಬಿಟ್ಟುಹೋದವು. 2002ರಲ್ಲಿ ಫೋರ್ಡ್ ಅಲ್ಲಿ ಕಾರು ಜೋಡಿಸುವುದನ್ನೂ ನಿಲ್ಲಿಸಿತು.

ಇನ್ನು ಆ ಸಾಲುಮನೆಗಳ ಒಂದು ಬೀದಿಯಲ್ಲಿ ಆಮೇಲೆ ನಡೆದದ್ದನ್ನು ಹತ್ತಿರದಿಂದ ನೋಡಬೇಕು. ಒಂದು ಮನೆಯವರು ಕೊಂಡರು, ಬಾಗಿಲು ಬದಲಿಸಿದರು, ವಯಸ್ಸಾಯಿತು, ತೀರಿಕೊಂಡರು. ಮಕ್ಕಳು ಮಾರಿದರು. ಕೊಂಡವನು ಬಾಡಿಗೆ ವ್ಯವಹಾರದವನು. ನಗರದ ನಡುವಿನ ಯಾವುದೋ ಕೌನ್ಸಿಲ್ ತನ್ನಲ್ಲಿ ಮನೆಯಿಲ್ಲದ್ದಕ್ಕೆ ನೆಲೆ ತಪ್ಪಿದ ಕುಟುಂಬವೊಂದನ್ನು ಆ ಮನೆಗೆ ಕಳಿಸಿತು, ಸಾರ್ವಜನಿಕರ ದುಡ್ಡಿನಲ್ಲಿ ಮಾರುಕಟ್ಟೆಯ ಬಾಡಿಗೆ ತೆತ್ತಿತು. ಪಕ್ಕದ ಮನೆಯ ಹಿರಿಯ ಬಾಡಿಗೆದಾರರಿಗೆ ಕಂಡದ್ದು ಇಷ್ಟೇ: ಅದೇ ಇಟ್ಟಿಗೆ, ಅದೇ ನಮೂನೆಯ ಕೌನ್ಸಿಲ್ ಮನೆ, ಅದರೊಳಗೆ ಆಫ್ರಿಕಾ ಮೂಲದ ಹೊಸ ಸಂಸಾರ; ತಮ್ಮ ಮಗನ ಹೆಸರು ಮಾತ್ರ ಇನ್ನೂ ವೇಟಿಂಗ್ ಲಿಸ್ಟಿನಲ್ಲಿ. ಮನೆ ಯಾವಾಗಲೋ ಖಾಸಗಿಯವರ ಪಾಲಾಗಿದೆ ಎಂದು ಅವರಿಗೆ ಹೇಳಿದವರಿಲ್ಲ. ಆಫ್ರಿಕನ್ನರಿಗೆ ಇಲ್ಲಿ ಮನೆ ಕೊಳ್ಳಲು ತಲಾ 50,000 ಪೌಂಡ್ ಗುಟ್ಟಾಗಿ ಕೊಡುತ್ತಿದ್ದಾರೆಂಬ ಹಸಿ ಸುಳ್ಳನ್ನು ತೀವ್ರ ಬಲಪಂಥೀಯ ಬ್ರಿಟಿಷ್ ನ್ಯಾಷನಲ್ ಪಾರ್ಟಿಯ ಕರಪತ್ರಗಳು ಮನೆಮನೆಗೆ ಹಂಚಿದವು. 2006ರ ಮೇ ಸ್ಥಳೀಯ ಚುನಾವಣೆಯಲ್ಲಿ ಆ ಪಕ್ಷ ಅಲ್ಲಿನ ಕೌನ್ಸಿಲಿನಲ್ಲಿ 12 ಸ್ಥಾನ ಗೆದ್ದಿತು. 1993ರಲ್ಲಿ ಪೂರ್ವ ಲಂಡನ್ನಿನದೇ ಐಲ್ ಆಫ್ ಡಾಗ್ಸ್‌ನ ಮಿಲ್‌ವಾಲ್ ವಾರ್ಡಿನಲ್ಲಿ ಅದೇ ಪಕ್ಷ ಮೊದಲ ಗೆಲುವು ಕಂಡಾಗಲೂ ಬೀದಿಯ ಮಾತು ಮನೆ ಹಂಚಿಕೆಯದೇ ಆಗಿತ್ತು.

2010ರಲ್ಲಿ ಲೇಬರ್ ಕಾರ್ಯಕರ್ತರು ಬೀದಿ ಬೀದಿ ಸುತ್ತಿ ಬಾರ್ಕಿಂಗ್ ಅಂಡ್ ಡ್ಯಾಗೆನಂನ ಎಲ್ಲ 51 ಸ್ಥಾನಗಳನ್ನೂ ಗೆದ್ದರು. ದ್ವೇಷದ ಪಕ್ಷ ನೆಲಕಚ್ಚಿತು, ಒಳ್ಳೆಯದಾಯಿತು. ಮನೆಗಳ ಕೊರತೆ ಮಾತ್ರ ಹಾಗೇ ಉಳಿಯಿತು. ಬೆಕನ್‌ಟ್ರೀಯ ಆ ಒಂದು ಬೀದಿಯ ಕಥೆ ಈಗ ಇಂಗ್ಲೆಂಡಿನ ಸಣ್ಣಪುಟ್ಟ ಊರುಗಳಿಗೂ ಹರಡಿದೆ. ಕೊಳ್ಳುವ ಹಕ್ಕಿನಡಿ ಮಾರಾಟವಾದ ಫ್ಲ್ಯಾಟುಗಳಲ್ಲಿ 2017ರ ಹೊತ್ತಿಗೆ ಹತ್ತಕ್ಕೆ ನಾಲ್ಕು ಖಾಸಗಿ ಬಾಡಿಗೆಗೆ ಸೇರಿದ್ದವು.

ಎರಡೂ ದೊಡ್ಡ ಪಕ್ಷಗಳು ಇದರಲ್ಲಿ ಪಾಲುದಾರರು. ಒಂದು ಕಾಲದಲ್ಲಿ ಅವುಗಳ ಪೈಪೋಟಿ ಜನರಿಗೆ ಲಾಭ ತಂದಿತ್ತು. ವರ್ಷಕ್ಕೆ 3 ಲಕ್ಷ ಮನೆ ಎಂದು ಮೊದಲು ಪಣ ತೊಟ್ಟದ್ದು ಕನ್ಸರ್ವೇಟಿವ್ ಪಕ್ಷ. ವಸತಿ ಸಚಿವ ಹೆರಾಲ್ಡ್ ಮ್ಯಾಕ್‌ಮಿಲನ್ 1953ರಲ್ಲಿ ಅದನ್ನು ಸಾಧಿಸಿಯೇ ತೋರಿಸಿದರು. ಆ ಮನೆಗಳಲ್ಲಿ ಹೆಚ್ಚಿನ ಪಾಲು ಕಟ್ಟಿದ್ದು ಕೌನ್ಸಿಲ್‌ಗಳು ಎಂಬುದನ್ನು ಇಂದಿನ ಸಚಿವರು ನೆನಪಿಟ್ಟುಕೊಳ್ಳಬೇಕು. 1997ರ ನಂತರದ ಲೇಬರ್ ಸರ್ಕಾರ ಹಳೆಯ ಕೌನ್ಸಿಲ್ ಮನೆಗಳ ದುರಸ್ತಿಗೆ ದುಡ್ಡು ಸುರಿಯಿತು. ಆದರೆ ಕೆಲವು ವರ್ಷ ಇಡೀ ಇಂಗ್ಲೆಂಡಿನ ಕೌನ್ಸಿಲ್‌ಗಳೆಲ್ಲ ಸೇರಿ ಹೊಸದಾಗಿ ಕಟ್ಟಿದ್ದು ಕೆಲವೇ ನೂರು. 2012ರಲ್ಲಿ ಕ್ಯಾಮರಾನ್ ಸರ್ಕಾರ ಕೊಳ್ಳುವ ಹಕ್ಕಿನ ರಿಯಾಯಿತಿಯನ್ನು 75,000 ಪೌಂಡ್‌ವರೆಗೆ ಏರಿಸಿತು, ಮಾರಿದ ಒಂದಕ್ಕೆ ಒಂದು ಕಟ್ಟುತ್ತೇವೆಂದಿತು, ಕಟ್ಟಲಿಲ್ಲ. ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಆ ಹಕ್ಕನ್ನೇ ಕೊನೆಗೊಳಿಸಿದವು. ಇಂಗ್ಲೆಂಡ್ ರಿಯಾಯಿತಿಯನ್ನು ಕಡಿತಗೊಳಿಸಲು 2024ರ ನವೆಂಬರ್ ತನಕ ಕಾಯಿತು.

ಮನೆ ಇರುವವರ ಮತಕ್ಕೆ ಹೆದರುವುದು ಇನ್ನೊಂದು ಕಾಯಿಲೆ. 2021ರ ಜೂನ್‌ನಲ್ಲಿ ಲಂಡನ್ನಿನ ಹೊರಗಿನ ಅನುಕೂಲಸ್ಥರ ಕ್ಷೇತ್ರ ಚೆಶಮ್ ಅಂಡ್ ಆಮರ್ಶಮ್‌ನ ಉಪಚುನಾವಣೆಯನ್ನು ಲಿಬರಲ್ ಡೆಮಾಕ್ರಾಟರು ಗೆದ್ದರು. ಹಸಿರು ವಲಯದಲ್ಲಿ ಮನೆಗಳು ಬರುತ್ತವೆಂಬ ಭಯ ಅಲ್ಲಿ ದೊಡ್ಡ ವಿಷಯವಾಗಿತ್ತು. ಸೋತ ಕನ್ಸರ್ವೇಟಿವ್ ಪಕ್ಷದ ಜಾನ್ಸನ್ ಸರ್ಕಾರ, ಕಟ್ಟಡ ಅನುಮತಿಯನ್ನು ಸುಲಭಗೊಳಿಸುವ ಯೋಜನಾ ಸುಧಾರಣೆಯನ್ನು ಬದಿಗಿಟ್ಟಿತು. 2022ರ ಡಿಸೆಂಬರ್‌ನಲ್ಲಿ ಸ್ವಂತ ಸಂಸದರ ಬಂಡಾಯಕ್ಕೆ ಮಣಿದು ಸಚಿವ ಮೈಕೆಲ್ ಗೋವ್ ಕೌನ್ಸಿಲ್‌ಗಳಿಗಿದ್ದ ಮನೆ ನಿರ್ಮಾಣದ ಕಡ್ಡಾಯ ಗುರಿಯನ್ನೇ ಸಡಿಲಿಸಿದರು. ಲೇಬರ್ ಅದನ್ನು ಮತ್ತೆ ಕಡ್ಡಾಯ ಮಾಡಿದೆ, ಯೋಜನಾ ಕಾನೂನನ್ನು ತಿದ್ದಿದೆ. ಇದಕ್ಕೆ ಧೈರ್ಯ ಬೇಕಿತ್ತು, ಮೆಚ್ಚುತ್ತೇನೆ.

ಆದರೆ ಅನುಮತಿ ಸಿಕ್ಕ ಮಾತ್ರಕ್ಕೆ ಮನೆ ಏಳುವುದಿಲ್ಲ. ಕನ್ಸರ್ವೇಟಿವ್ ಸಂಸದ ಆಲಿವರ್ ಲೆಟ್ವಿನ್ 2018ರಲ್ಲಿ ಸರ್ಕಾರಕ್ಕಾಗಿ ದೊಡ್ಡ ನಿವೇಶನಗಳನ್ನು ಪರಿಶೀಲಿಸಿದಾಗ ಕಂಡುಕೊಂಡದ್ದು ಇದನ್ನೇ: ಬಿಲ್ಡರುಗಳು ಆ ಊರಿನ ಮನೆಬೆಲೆ ಇಳಿಯದ ಹಾಗೆ, ಮಾರಾಟವಾಗುವಷ್ಟನ್ನು ಮಾತ್ರ ವರ್ಷ ವರ್ಷ ಕಟ್ಟುತ್ತಾರೆ. ಷೇರುದಾರರಿಗೆ ಉತ್ತರ ಕೊಡಬೇಕಾದ ಕಂಪನಿ ಹಾಗೆ ಮಾಡುವುದು ಸಹಜ. ಬಡ್ಡಿ ಏರಿದಾಗ, ಕೊಳ್ಳುವವರು ಹಿಂದೆ ಸರಿದಾಗ, ಕ್ರೇನುಗಳೂ ನಿಲ್ಲುತ್ತವೆ. ಲಂಡನ್ನಿನಲ್ಲಿ ಹೊಸ ಕೆಲಸ ಎಷ್ಟು ಕುಸಿದಿದೆಯೆಂದರೆ, 2025ರ ಅಕ್ಟೋಬರ್‌ನಲ್ಲಿ ವಸತಿ ಸಚಿವ ಸ್ಟೀವ್ ರೀಡ್ ಮತ್ತು ಮೇಯರ್ ಸಾದಿಕ್ ಖಾನ್ ಸೇರಿ, ತ್ವರಿತ ಅನುಮತಿ ಬೇಕೆನ್ನುವ ಯೋಜನೆಗಳಲ್ಲಿ ಕೈಗೆಟಕುವ ಮನೆಗಳ ಪಾಲನ್ನು ಶೇ 35ರಿಂದ ಶೇ 20ಕ್ಕೆ ತಾತ್ಕಾಲಿಕವಾಗಿ ಇಳಿಸಲು ಮುಂದಾದರು. ಗೋಪುರಗಳು ಎದ್ದಾವು. ಮನೆಯ ಅಗತ್ಯ ಅತಿ ಹೆಚ್ಚಿರುವವರಿಗೆ ಅವುಗಳಲ್ಲಿ ಜಾಗ ಕಡಿಮೆಯಾದೀತು.

ಆ ಅಗತ್ಯ ಎಂಥದ್ದು? ಇಂಗ್ಲೆಂಡಿನಲ್ಲಿ 13 ಲಕ್ಷ ಕುಟುಂಬಗಳು ಕಡಿಮೆ ಬಾಡಿಗೆಯ ಸಾಮಾಜಿಕ ವಸತಿಗಾಗಿ ಕಾಯುವ ಪಟ್ಟಿಯಲ್ಲಿವೆ. 2025ರಲ್ಲಿ 1,30,000ಕ್ಕೂ ಹೆಚ್ಚು ಕುಟುಂಬಗಳು ತಾತ್ಕಾಲಿಕ ಆಸರೆಯಲ್ಲಿದ್ದವು. ಅವುಗಳಲ್ಲಿದ್ದ ಮಕ್ಕಳು 1,70,000ದ ಆಸುಪಾಸು. ತಾತ್ಕಾಲಿಕ ಎಂದರೆ ಎಷ್ಟೋ ಕುಟುಂಬಗಳಿಗೆ ಅಗ್ಗದ ಹೋಟೆಲಿನ ಒಂದು ಕೋಣೆ, ಹಂಚಿಕೊಂಡ ಅಡುಗೆಮನೆ, ಎರಡು ಬಸ್ಸು ಬದಲಿಸಿ ಹಳೆಯ ಶಾಲೆಗೆ ಹೋಗುವ ಮಗು. ಮಕ್ಕಳಿರುವವರನ್ನು ಇಂಥ ಕೋಣೆಯಲ್ಲಿ ಆರು ವಾರಕ್ಕಿಂತ ಹೆಚ್ಚು ಇಡಬಾರದೆಂದು ಕಾನೂನಿದೆ. ಅದು ದಿನವೂ ಮುರಿಯುತ್ತಿದೆ. ಎರಡು ವರ್ಷದೊಳಗಿನ ಮಗುವಿಗೆ ತೊಟ್ಟಿಲು ಒದಗಿಸಿ ಎಂದು 2024ರಲ್ಲಿ ಸರ್ಕಾರ ಕೌನ್ಸಿಲ್‌ಗಳಿಗೆ ಮಾರ್ಗಸೂಚಿಯಲ್ಲಿ ಬರೆದು ಹೇಳಬೇಕಾಯಿತು. ತೊಟ್ಟಿಲಿಡಲು ಜಾಗವಿಲ್ಲದ ಕೋಣೆಗಳಲ್ಲಿ ಹಸುಗೂಸುಗಳು ದೊಡ್ಡವರ ಹಾಸಿಗೆಯಲ್ಲೇ ಮಲಗುತ್ತಿದ್ದವು. ಐದು ವರ್ಷಗಳಲ್ಲಿ ಕನಿಷ್ಠ 74 ಮಕ್ಕಳ ಸಾವಿಗೆ ತಾತ್ಕಾಲಿಕ ವಸತಿಯೂ ಒಂದು ಕಾರಣವೆಂದು ದಾಖಲಾಗಿದೆ. ಅವರಲ್ಲಿ ಹೆಚ್ಚಿನವರು ವರ್ಷ ತುಂಬದ ಕೂಸುಗಳು. ಜಗತ್ತಿನ ಸಿರಿವಂತ ದೇಶವೊಂದರ ಲೆಕ್ಕ ಇದು. ಬರೆಯುವಾಗ ಕೈ ಭಾರವಾಗುತ್ತದೆ.

ತಾತ್ಕಾಲಿಕ ವಸತಿಗೆ ಕೌನ್ಸಿಲ್‌ಗಳು ವರ್ಷಕ್ಕೆ 200 ಕೋಟಿ ಪೌಂಡ್‌ಗೂ ಹೆಚ್ಚು ತೆರುತ್ತಿವೆ. ಅದಕ್ಕಾಗಿ ಗ್ರಂಥಾಲಯ, ವೃದ್ಧರ ಆರೈಕೆ, ರಸ್ತೆ ದುರಸ್ತಿಗಳ ಹಣಕ್ಕೆ ಕತ್ತರಿ ಬೀಳುತ್ತದೆ. ಬಡ ಬಾಡಿಗೆದಾರರಿಗೆ ಸಿಗುವ ಸರ್ಕಾರಿ ನೆರವಿನ ಮಿತಿಯನ್ನು 2024ರ ಏಪ್ರಿಲ್‌ನಲ್ಲಿ ಏರಿಸಿ ಆಮೇಲೆ ಮತ್ತೆ ಸ್ತಂಭನಗೊಳಿಸಲಾಯಿತು. ಬಾಡಿಗೆ ನಿಲ್ಲಲಿಲ್ಲ. ನಡುವಿನ ಅಂತರ ತುಂಬಲಾಗದ ಕುಟುಂಬ ಮನೆ ಕಳೆದುಕೊಂಡು ಕೌನ್ಸಿಲ್ ಬಾಗಿಲಿಗೆ ಬರುತ್ತದೆ. ಆಗ ಸಾರ್ವಜನಿಕರ ದುಡ್ಡಿನಿಂದಲೇ ಅದಕ್ಕೆ ಹೋಟೆಲ್ ಕೋಣೆಯ ಬಾಡಿಗೆ ಕಟ್ಟಬೇಕಾಗುತ್ತದೆ. ಉಳಿತಾಯದ ಹೆಸರಿನಲ್ಲಿ ಇದಕ್ಕಿಂತ ದುಬಾರಿ ನಿರ್ಧಾರ ನನಗೆ ಕಂಡಿಲ್ಲ.

ಹತಾಶೆ ತನಗೊಬ್ಬ ತಪ್ಪಿತಸ್ಥನನ್ನು ಹುಡುಕುತ್ತದೆ. ವಿದೇಶಿಯರನ್ನು ಸಾಮಾಜಿಕ ವಸತಿಯ ಸರದಿಯ ಕೊನೆಗೆ ಕಳಿಸುತ್ತೇವೆಂದು 2024ರಲ್ಲೇ ರಿಫಾರ್ಮ್ ಯುಕೆ ಪಕ್ಷ ಹೇಳಿತ್ತು. 2025ರ ಮೇ ಸ್ಥಳೀಯ ಚುನಾವಣೆಯಲ್ಲಿ ಅದು ಹತ್ತು ಕೌನ್ಸಿಲ್‌ಗಳನ್ನು ಗೆದ್ದಿತು. ಕನ್ಸರ್ವೇಟಿವ್ ಸರ್ಕಾರವೂ 2024ರ ಆರಂಭದಲ್ಲಿ ಇಂಥದೇ ಅರ್ಹತಾ ನಿಯಮವನ್ನು ತರಲು ಹೊರಟಿತ್ತು. ವಾಸ್ತವದಲ್ಲಿ ಇಂಗ್ಲೆಂಡಿನಲ್ಲಿ ಹೊಸದಾಗಿ ಸಾಮಾಜಿಕ ವಸತಿ ಪಡೆಯುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬ್ರಿಟಿಷ್ ಪ್ರಜೆಗಳೇ. ಆಶ್ರಯ ಕೋರಿ ಬಂದವರ ಹೋಟೆಲುಗಳನ್ನು ನಡೆಸುವುದು ಗೃಹ ಇಲಾಖೆ; ಕೌನ್ಸಿಲ್ ಮನೆಯ ಪಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ 2025ರ ಬೇಸಿಗೆಯಲ್ಲಿ ಎಪಿಂಗ್‌ನ ಅಂಥ ಹೋಟೆಲೊಂದರ ಮುಂದೆ ಜನ ಪ್ರತಿಭಟನೆಗೆ ಸೇರಿದಾಗ, ಅಲ್ಲಿನ ಅಪರಾಧವೊಂದರ ಮೇಲಿನ ಸಿಟ್ಟಿನ ಜೊತೆ ನಮಗಿಲ್ಲದ ಮನೆ ಅವರಿಗೇಕೆ ಎಂಬ ಮಾತೂ ಬೆರೆಯಿತು. ಪಟ್ಟಿಯಲ್ಲಿ ಹತ್ತು ವರ್ಷ ಕಾದವರಿಗೆ ಈ ಅಂಕಿಗಳನ್ನು ಓದಿ ಹೇಳಿದರೆ ಸಮಾಧಾನವಾಗದು. ಸರದಿಯಿಂದ ಒಂದು ಗುಂಪನ್ನು ತೆಗೆದುಹಾಕಿದರೂ ಅವರಿಗೆ ಮನೆ ಸಿಗುವುದಿಲ್ಲ; ಮುಂದಿನ ಗುಂಪಿನ ಹುಡುಕಾಟ ಶುರುವಾಗುತ್ತದೆ.

ಬ್ರಿಟನ್ನಿನಲ್ಲಿರುವ ಕನ್ನಡಿಗರು ಇದನ್ನು ದೂರ ನಿಂತು ನೋಡುವಂತಿಲ್ಲ. ಅಲ್ಲಿನ ಆಸ್ಪತ್ರೆಗಳಲ್ಲಿ, ಸಾಫ್ಟ್‌ವೇರ್ ಕಂಪನಿಗಳಲ್ಲಿ ವೀಸಾದ ಮೇಲೆ ದುಡಿಯುವವರಿಗೆ ಸರ್ಕಾರಿ ನೆರವಾಗಲಿ ಕೌನ್ಸಿಲ್ ಮನೆಯಾಗಲಿ ಈಗಲೂ ಸಿಗುವುದಿಲ್ಲ. ತೆರಿಗೆ ಕಟ್ಟುತ್ತಾರೆ, ಮಾರುಕಟ್ಟೆಯ ಬಾಡಿಗೆ ಕಟ್ಟುತ್ತಾರೆ. ಜಾಮೀನು ನಿಲ್ಲುವ ಬಂಧುಬಳಗವಿಲ್ಲದ ಕಾರಣಕ್ಕೆ ಹೊಸಬರಿಂದ ಆರು ತಿಂಗಳ ಬಾಡಿಗೆ ಮುಂಗಡ ಕೇಳುವ ಪರಿಪಾಠವಿತ್ತು. ಬಾಡಿಗೆದಾರರ ಹಕ್ಕುಗಳ 2025ರ ಕಾಯ್ದೆ ಅದನ್ನು ಒಂದು ತಿಂಗಳಿಗೆ ಇಳಿಸಿದೆ. ಕಾರಣ ಹೇಳದೆ ಮನೆ ಬಿಡಿಸಲು ಬಿಡುತ್ತಿದ್ದ ಹಳೆಯ ಕಾನೂನಿನ 21ನೇ ಕಲಮನ್ನೂ ಅದೇ ಕಾಯ್ದೆ ರದ್ದುಮಾಡಿದೆ. ಇದು ನಿಜವಾದ ಲಾಭ. ಇನ್ನೊಂದು ಕಡೆ, ಕಾಯಂ ನೆಲೆಗೆ ಕಾಯಬೇಕಾದ ಅವಧಿಯನ್ನು ಐದರಿಂದ ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾವವನ್ನು ಲೇಬರ್ ಸರ್ಕಾರವೇ 2025ರಲ್ಲಿ ಮುಂದಿಟ್ಟಿತು. ಸರದಿ ತಿದ್ದುವ ರಾಜಕೀಯ ಬಲಪಂಥದ ಬಾಗಿಲಲ್ಲೇ ನಿಲ್ಲುವುದಿಲ್ಲ.

ಇನ್ನೂ ಸಮಯವಿದೆ, ಹೆಚ್ಚಿಲ್ಲ. ಕೈಗೆಟಕುವ ಮನೆಗಳಿಗೆ ಹತ್ತು ವರ್ಷಗಳಲ್ಲಿ 3,900 ಕೋಟಿ ಪೌಂಡ್ ಕೊಡುತ್ತೇವೆಂದು 2025ರ ಜೂನ್‌ನಲ್ಲಿ ಸರ್ಕಾರ ಘೋಷಿಸಿತು. ಇದು ದೊಡ್ಡ ಮೊತ್ತ. ಆದರೆ ಅದರ ವಾರ್ಷಿಕ ಪ್ರಮಾಣ 400 ಕೋಟಿ ಮುಟ್ಟುವುದು 2029–30ರಲ್ಲಿ. ಮುಂದಿನ ಸಾರ್ವತ್ರಿಕ ಚುನಾವಣೆ 2029ರ ಆಗಸ್ಟ್ ಮಧ್ಯದೊಳಗೆ ನಡೆಯಲೇಬೇಕು. ಹಣದ ಬಹುಪಾಲು ಮತ ಎಣಿಕೆಯಾದ ಮೇಲೆ ಬರುತ್ತದೆ, ಅಷ್ಟರಲ್ಲಿ ಅದನ್ನು ರದ್ದು ಮಾಡಬಲ್ಲ ಸರ್ಕಾರವೂ ಬಂದಿರಬಹುದು. ಖಜಾನೆ ಈ ಕ್ರಮವನ್ನು ಈಗಲೇ ತಿರುಗಿಸಬೇಕು: ದುಡ್ಡನ್ನು ಮೊದಲ ವರ್ಷಗಳಿಗೆ ಎಳೆಯಬೇಕು, ಬಿಲ್ಡರ್ ನಿಲ್ಲಿಸಿದ ನಿವೇಶನಗಳನ್ನು ಕೊಂಡು ಕಟ್ಟುವ ಶಕ್ತಿ ಕೌನ್ಸಿಲ್‌ಗಳಿಗೆ ಕೊಡಬೇಕು, ಬಾಡಿಗೆ ನೆರವಿನ ಸ್ತಂಭನ ತೆಗೆಯಬೇಕು. ಯಾವ ಬೀದಿಯ ಮನೆ ಯಾರದ್ದು, ಯಾರಿಗೆ ಯಾವ ಲೆಕ್ಕದಲ್ಲಿ ಸಿಕ್ಕಿತು ಎಂಬುದನ್ನು ಪ್ರತಿ ಕೌನ್ಸಿಲ್ ತನ್ನ ಜನರಿಗೆ ಕರಪತ್ರಗಳಿಗಿಂತ ಮೊದಲು ಹೇಳಬೇಕು.