ಔಷಧಿ ಅಂಗಡಿಯಲ್ಲಿ ಮಗನಿಗೊಂದು ಕೆಲಸ

ಬೇಸಿಗೆ ರಜೆ ಬಂತೆಂದರೆ ಕೊಳ್ಳೇಗಾಲದ ನನ್ನ ಕ್ಲಿನಿಕ್ಕಿಗೆ ಕಾಯಿಲೆಯಿಲ್ಲದ ಕೆಲವರೂ ಬರುತ್ತಾರೆ. ಹನೂರು, ಲೊಕ್ಕನಹಳ್ಳಿ, ರಾಮಾಪುರ, ಯಳಂದೂರು ಕಡೆಯ ತಾಯಂದಿರು. ಜೊತೆಯಲ್ಲಿ ಪಿಯುಸಿ ಓದುವ ಮಗನೋ ಮಗಳೋ ಇರುತ್ತಾರೆ. ತಾಯಿ ಬಿ.ಪಿ. ನೋಡಿಸಿಕೊಂಡು ಏಳುವ ಹೊತ್ತಿಗೆ ನಿಜವಾದ ವಿಷಯ ಹೊರಬರುತ್ತದೆ. 'ಮೆಡಿಕಲ್ ಸ್ಟೋರ್‌ನೋರೆಲ್ಲ ನಿಮ್ಗೆ ಗೊತ್ತಲ್ಲ ಸಾ, ಒಂದ್ ಮಾತು ಹೇಳಿ ಇವನ್ನ ಸೇರಿಸ್ಬುಡಿ. ಓದ್ಕೊಂಡೇ ಕೈಖರ್ಚಿಗೆ ಆಯ್ತದೆ.'

ಬಯಕೆ ತಪ್ಪಲ್ಲ. ನೆರಳಿನ ಕೆಲಸ, ಫ್ಯಾನಿನ ಗಾಳಿ, ನಾಲ್ಕು ಜನರ ಪರಿಚಯ. ಮುಂದೆ ಫಾರ್ಮಸಿ ಓದಬೇಕೆಂಬ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲವೆಂದೇ ನಾನೂ ನಂಬಿದ್ದೆ. ಈಗಲೂ ಬಹುಮಟ್ಟಿಗೆ ನಂಬುತ್ತೇನೆ. ಆದರೆ ಕೆಲವು ವರ್ಷಗಳ ಹಿಂದೆ ನಾನು ಹೇಳಿದ ಅಂಥ 'ಒಂದು ಮಾತು' ಒಬ್ಬ ಮುದುಕನ ಜೀವಕ್ಕೆ ಮುಳುವಾಗುವುದರಲ್ಲಿತ್ತು.

ನಾನು ಸೇರಿಸಿದ ಹುಡುಗ ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿ. ಚುರುಕು, ವಿನಯ, ಎರಡೂ ಇತ್ತು. ಸೇರಿ ಎರಡು ವಾರವಾಗಿತ್ತಷ್ಟೆ. ಅಂದು ಅಮಾವಾಸ್ಯೆ. ಮಹದೇಶ್ವರ ಬೆಟ್ಟಕ್ಕೆ ಹೋಗಿಬರುವ ಜನರಿಂದ ಊರು ತುಂಬಿದ್ದ ಸಂಜೆ. ಮಾಲೀಕರು ಸರಕು ಬಿಡಿಸಿಕೊಳ್ಳಲು ಹೋಗಿದ್ದರು. ಫಾರ್ಮಸಿಸ್ಟ್ ಎಲ್ಲಿ ಎಂದರೆ, ಗೋಡೆಯ ಮೇಲೆ ಚೌಕಟ್ಟಿನೊಳಗೆ! ಅವರ ಪ್ರಮಾಣಪತ್ರ ಇಲ್ಲಿತ್ತು, ಅವರು ಬೇರೆ ಊರಿನಲ್ಲಿದ್ದರು. ರಕ್ತಭೇದಿಯಿಂದ ನರಳುತ್ತಿದ್ದ ವೃದ್ಧರೊಬ್ಬರಿಗೆ ನಾನು ಮೆಟ್ರೋನಿಡಜೋಲ್ ಬರೆದುಕೊಟ್ಟಿದ್ದೆ. ಹುಡುಗ 'ಮೆಟ್' ಎಂಬಷ್ಟನ್ನು ಓದಿ ಮೆಟ್‌ಫಾರ್ಮಿನ್ ಕೊಟ್ಟ. ಅದು ಸಕ್ಕರೆ ಕಾಯಿಲೆಯ ಮಾತ್ರೆ. ದಿನಕ್ಕೆ ಮೂರರಂತೆ ಐದು ದಿನ ಎಂದೂ ಹೇಳಿಕಳಿಸಿದ.

ಮೆಟ್‌ಫಾರ್ಮಿನ್ ಸಕ್ಕರೆ ಕಾಯಿಲೆ ಇಲ್ಲದವರ ಸಕ್ಕರೆಯನ್ನು ಸಾಮಾನ್ಯವಾಗಿ ಅಪಾಯದ ಮಟ್ಟಕ್ಕೆ ಇಳಿಸುವುದಿಲ್ಲ. ಆದರೆ ಅದರ ಸಾಮಾನ್ಯ ಅಡ್ಡಪರಿಣಾಮವೇ ಭೇದಿ. ಜೊತೆಗೆ, ದೇಹದ ನೀರು ಬತ್ತಿ ಮೂತ್ರಪಿಂಡ ಸೋತಿದ್ದಾಗ ಈ ಔಷಧಿ ಹೊರಗೆ ಹೋಗದೆ ಒಳಗೇ ಉಳಿದು ರಕ್ತದಲ್ಲಿ ಆಮ್ಲವನ್ನು ಹೆಚ್ಚಿಸಬಲ್ಲದು. ಮೂರನೆಯ ದಿನ ಅವರನ್ನು ಎತ್ತಿಕೊಂಡೇ ಬಂದರು. ಕಣ್ಣು ಗುಳಿಬಿದ್ದಿತ್ತು, ನಾಲಗೆ ಒಣಗಿತ್ತು. ಡ್ರಿಪ್ ಹಾಕಿ ಎರಡು ದಿನ ನೋಡಿಕೊಂಡ ಮೇಲೆ ಚೇತರಿಸಿಕೊಂಡರು. ಮಾಲೀಕರು ಹುಡುಗನನ್ನು ಎಲ್ಲರೆದುರು ಬೈದು ಕಳಿಸಿದರು. ಅವನು ನನ್ನ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕುಳಿತು ಅತ್ತ. ನಾನು ಆ ಚೀಟಿಯನ್ನು ತರಿಸಿ ನೋಡಿದೆ. ನನ್ನ ಅಕ್ಷರವನ್ನು ನಾನೇ ಎರಡು ಸಲ ಓದಬೇಕಾಯಿತು. ಔಷಧಿಯ ಹೆಸರನ್ನು ಸ್ಪಷ್ಟವಾಗಿ, ಆದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ವೈದ್ಯಕೀಯ ಪರಿಷತ್ತು 2016ರಲ್ಲೇ ಹೇಳಿದೆ. ಹೇಳಿದ್ದನ್ನು ಮಾಡಬೇಕಾದವನು ನಾನು.

ಆದ್ದರಿಂದ ಈಗ ಕೆಲಸ ಕೇಳಿಕೊಂಡು ಬರುವವರಿಗೆ ನಾನು ಮೊದಲು ಕೇಳುವುದು ಸಂಬಳದ ಮಾತನ್ನಲ್ಲ. ಆ ಅಂಗಡಿಯಲ್ಲಿ ಫಾರ್ಮಸಿಸ್ಟ್ ನಿಜವಾಗಿ ನಿಲ್ಲುತ್ತಾರೆಯೇ ಎಂದು ಕೇಳುತ್ತೇನೆ.

ವೈದ್ಯರ ಚೀಟಿಯ ಮೇಲೆ ಕೊಡುವ ಔಷಧಿಯನ್ನು ನೋಂದಾಯಿತ ಫಾರ್ಮಸಿಸ್ಟ್ ತಾವೇ ಕೊಡಬೇಕು, ಇಲ್ಲವೇ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ಕೊಡಬೇಕು ಎನ್ನುತ್ತದೆ 1945ರ ಔಷಧ ನಿಯಮಾವಳಿಯ 65ನೇ ನಿಯಮ. 1948ರ ಫಾರ್ಮಸಿ ಕಾಯಿದೆಯ 42ನೇ ಕಲಮು ಈ ಕೆಲಸವನ್ನು ನೋಂದಣಿ ಇಲ್ಲದವರು ಮಾಡಿದರೆ ಶಿಕ್ಷೆಯನ್ನೂ ಹೇಳುತ್ತದೆ. ವಿದ್ಯಾರ್ಥಿ ಅಂಗಡಿಯೊಳಗೆ ಕಾಲಿಡಲೇಬಾರದೆಂದು ಇದರ ಅರ್ಥವಲ್ಲ. ಬಂದ ಸರಕನ್ನು ಬಿಲ್ಲಿನೊಂದಿಗೆ ತಾಳೆ ನೋಡುವುದು, ಕಪಾಟಿನಲ್ಲಿ ಜೋಡಿಸುವುದು, ಅವಧಿ ಮುಗಿದವನ್ನು ತೆಗೆದು ಬೇರೆ ಇಡುವುದು, ಬಿಲ್ ಹಾಕುವುದು, ಹೀಗೆ ಕೈತುಂಬ ಕೆಲಸವಿದೆ. 2014ರಿಂದ ಜಾರಿಯಲ್ಲಿರುವ ಎಚ್-1 ಪಟ್ಟಿಯ ಔಷಧಿಗಳಿಗೆ (ಕೆಲವು ಆಂಟಿಬಯಾಟಿಕ್‌ಗಳು, ಕ್ಷಯದ ಮಾತ್ರೆಗಳು, ನಿದ್ದೆ ಮಾತ್ರೆಗಳು ಇದರಲ್ಲಿವೆ) ಬೇರೆಯೇ ರಿಜಿಸ್ಟರ್ ಇಡಬೇಕು. ವೈದ್ಯರ ಹೆಸರು, ರೋಗಿಯ ಹೆಸರು, ಔಷಧಿ, ಪ್ರಮಾಣ ಎಲ್ಲವನ್ನೂ ಬರೆದು ಮೂರು ವರ್ಷ ಕಾಪಾಡಬೇಕು. ಫಾರ್ಮಸಿಸ್ಟರ ಪಕ್ಕದಲ್ಲಿ ಕುಳಿತು ಆ ರಿಜಿಸ್ಟರಿನಲ್ಲಿ ಆರು ತಿಂಗಳು ಕೈಯಾಡಿಸಿದವನಿಗೆ ಔಷಧಿಗಳ ಹೆಸರು ತಾನಾಗಿಯೇ ನಾಲಗೆಗೆ ಬರುತ್ತದೆ. ಮಾಡಬಾರದ್ದು ಇಷ್ಟೇ: ಚೀಟಿ ಓದಿ ಒಬ್ಬನೇ ಔಷಧಿ ಕೊಡುವುದು, ಇಂಜೆಕ್ಷನ್ ಚುಚ್ಚುವುದು, 'ಜ್ವರಕ್ಕೆ ಏನಾದ್ರೂ ಕೊಡಪ್ಪ' ಎಂದವರಿಗೆ ನಾಲ್ಕು ಬಿಡಿ ಮಾತ್ರೆಗಳ ಪೊಟ್ಟಣ ಕಟ್ಟುವುದು.

ಅಂಗಡಿಯನ್ನು ಅಳೆಯುವುದು ಕಷ್ಟವಲ್ಲ. ಗಿರಾಕಿಯಂತೆ ಅರ್ಧ ಗಂಟೆ ಪಕ್ಕದಲ್ಲಿ ನಿಂತು ನೋಡಿ. ಚೀಟಿ ಯಾರ ಕೈಗೆ ಹೋಗುತ್ತದೆ? ಹೆಸರಿನ ಬಿಲ್ಲೆ ಇರುವ ಬಿಳಿ ಕೋಟಿನವರು ಒಬ್ಬರಾದರೂ ಇದ್ದಾರೆಯೇ? ಬಿಲ್ ಕೊಡುತ್ತಾರೆಯೇ? ಸ್ಟ್ರಿಪ್ ಕತ್ತರಿಸುವಾಗ ಅವಧಿಯ ದಿನಾಂಕವಿರುವ ತುದಿಯನ್ನು ಕೊನೆಯವರೆಗೂ ಉಳಿಸುತ್ತಾರೆಯೇ? ಫ್ರಿಜ್ಜಿನ ಬಾಗಿಲು ತೆಗೆದಾಗ ಒಳಗೊಮ್ಮೆ ಕಣ್ಣು ಹಾಯಿಸಿ. ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಅದರ ಪಕ್ಕದಲ್ಲಿ ಮಾಲೀಕರ ಊಟದ ಡಬ್ಬಿ, ಪೂಜೆಯ ಹೂವು ಕಂಡರೆ ಮುಂದಿನ ಅಂಗಡಿಗೆ ನಡೆಯಿರಿ.

ಕೆಲಸ ಕೇಳಲು ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಹೋಗುವುದು ಮೇಲು. ಸಂಜೆ ಆರರ ಮೇಲೆ ಯಾರಿಗೂ ಮಾತಿಗೆ ಬಿಡುವಿರುವುದಿಲ್ಲ. ತಾಯಿ ತಂದೆಯನ್ನು ಮುಂದಿಟ್ಟುಕೊಳ್ಳದೆ ಹುಡುಗ ತಾನೇ ಕೇಳಲಿ. ಕಾಲೇಜಿನ ವೇಳೆ, ಪರೀಕ್ಷೆಯ ತಿಂಗಳುಗಳನ್ನು ಮೊದಲೇ ಹೇಳಿಬಿಡಲಿ. ಕಲಿಸಿದ ಮೇಲೆ ಹುಡುಗ ಹೇಳದೆ ಕೇಳದೆ ಬಿಟ್ಟುಹೋಗುತ್ತಾನೆ ಎಂಬುದೇ ಮಾಲೀಕರ ದೊಡ್ಡ ಅಂಜಿಕೆ. ಹನೂರಿನ ಕಡೆ ತಮಿಳು ಮಾತಾಡುವವರೂ ಬಹಳ ಮಂದಿ. ಎರಡೂ ಭಾಷೆ ಬಲ್ಲ ಹುಡುಗನಿಗೆ ಅಂಕಪಟ್ಟಿಗಿಂತ ಅದೇ ದೊಡ್ಡ ಅರ್ಹತೆ ಎಂದು ನನಗನ್ನಿಸುತ್ತದೆ. ಹಳ್ಳಿಯಿಂದ ಬರುವ ಹೆಣ್ಣುಮಕ್ಕಳು ಕೊನೆಯ ಬಸ್ಸಿನ ವೇಳೆ ನೋಡಿಕೊಂಡು ಬೆಳಗಿನ ಹೊತ್ತಿನ ಕೆಲಸವನ್ನೇ ಕೇಳಿಕೊಳ್ಳಲಿ. ಅದರಲ್ಲಿ ಸಂಕೋಚ ಬೇಡ.

ಅನೇಕ ತಂದೆತಾಯಿಯರಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಹತ್ತು ವರ್ಷ ಅಂಗಡಿಯಲ್ಲಿ ನಿಂತರೆ ಸರ್ಟಿಫಿಕೇಟು ತಾನಾಗಿ ಬರುತ್ತದೆ ಎಂಬುದು. ಹಳೆಯ ಕಾಂಪೌಂಡರುಗಳ ಕಾಲ ಮುಗಿದುಹೋಗಿದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಜೀವಶಾಸ್ತ್ರ ಅಥವಾ ಗಣಿತ ಓದಿರಬೇಕು. ಆಮೇಲೆ ಎರಡು ವರ್ಷದ ಡಿ.ಫಾರ್ಮ್, ಅದರ ಮೇಲೆ ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ 500 ಗಂಟೆಗಳ ತರಬೇತಿ. ಕಾಲೇಜಿಗೆ ಸೇರುವ ಮೊದಲು ಅಂಗಡಿಯಲ್ಲಿ ನಿಂತ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ. 2022ರ ನಿಯಮಗಳಲ್ಲಿ ನೋಂದಣಿಗೆ ಮುಂಚೆ ಇನ್ನೊಂದು ನಿರ್ಗಮನ ಪರೀಕ್ಷೆಯನ್ನೂ ಸೇರಿಸಿದ್ದಾರೆ. ಕಾಲೇಜಿಗೆ ಭಾರತೀಯ ಫಾರ್ಮಸಿ ಪರಿಷತ್ತಿನ ಮಾನ್ಯತೆ ಇದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ವಿಚಾರಿಸಿ. ಇಲ್ಲದಿದ್ದರೆ ಓದೂ ಹೋಯಿತು, ಹಣವೂ ಹೋಯಿತು.

ಇಷ್ಟೆಲ್ಲ ಕಷ್ಟಪಟ್ಟು ಪಡೆದ ಸರ್ಟಿಫಿಕೇಟನ್ನು ಬಾಡಿಗೆಗೆ ಕೊಡುವವರಿದ್ದಾರೆ. ಪತ್ರ ಗೋಡೆಯ ಮೇಲೆ, ಮನುಷ್ಯ ಮನೆಯಲ್ಲಿ ಅಥವಾ ಇನ್ನೊಂದು ಕೆಲಸದಲ್ಲಿ, ತಿಂಗಳಿಗಿಷ್ಟು ಹಣ. ಇದನ್ನು ನಮ್ಮ ಸಮಾಜ ಕಳ್ಳತನವೆಂದು ತಿಳಿದೇ ಇಲ್ಲ. ಬೇರೆಯವರ ಡ್ರೈವಿಂಗ್ ಲೈಸೆನ್ಸ್ ಜೇಬಿನಲ್ಲಿಟ್ಟುಕೊಂಡು ಮಹದೇಶ್ವರ ಬೆಟ್ಟದ ತಿರುವುಗಳಲ್ಲಿ ಬಸ್ಸು ಓಡಿಸುವವನನ್ನು ನಾವು ಸುಮ್ಮನೆ ಬಿಡುತ್ತೇವೆಯೇ? ಇಲ್ಲಿ ಮಾತ್ರ ಬಿಟ್ಟಿದ್ದೇವೆ. ನಾನೂ ಬಿಟ್ಟವನೇ. ಆ ಅಂಗಡಿಯ ಫಾರ್ಮಸಿಸ್ಟ್ ಅಲ್ಲಿರುವುದಿಲ್ಲವೆಂದು ಹುಡುಗನನ್ನು ಸೇರಿಸುವ ದಿನವೇ ನನಗೆ ಗೊತ್ತಿತ್ತು.

ಆ ಹುಡುಗ ಆಮೇಲೆ ಮೈಸೂರಿನಲ್ಲಿ ಡಿ.ಫಾರ್ಮ್ ಮುಗಿಸಿ ನೋಂದಣಿಯನ್ನೂ ಮಾಡಿಸಿಕೊಂಡ. ಒಂದು ದಿನ ತಾಯಿಯೊಂದಿಗೆ ಬಂದ. ಯಾರೋ ಸರ್ಟಿಫಿಕೇಟು ಕೇಳಿದ್ದರಂತೆ. 'ಮನೇಲಿ ಕೂತಿದ್ರೂ ದುಡ್ಡು ಬತ್ತದಂತಲ್ಲ ಸಾ, ಕೊಟ್ರೆ ತಪ್ಪೇನು?' ಎಂದರು ತಾಯಿ. ಸಾಲವಿದ್ದ ಮನೆ, ಅವರು ಕೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ. ನಾನು ಉತ್ತರ ಹುಡುಕುತ್ತಿರುವಾಗ ಮಗನೇ, 'ಆ ತಾತ ಇನ್ನೂ ಚೆನ್ನಾಗಿದ್ದಾರಾ ಸಾರ್?' ಎಂದು ಕೇಳಿದ. ಇದ್ದಾರೆ ಎಂದೆ. ಸರ್ಟಿಫಿಕೇಟಿನ ಮಾತು ಅಲ್ಲಿಗೆ ನಿಂತಿತು.

ಈಗ ಅವನು ಹನೂರಿನ ಒಂದು ಅಂಗಡಿಯಲ್ಲಿದ್ದಾನೆ. ಸಂಬಳ ಬಾಡಿಗೆಯ ಹಣಕ್ಕಿಂತ ಬಹಳ ಹೆಚ್ಚೇನಲ್ಲ, ದಿನವಿಡೀ ನಿಲ್ಲಬೇಕು. ಹೋದ ವಾರ ಫೋನ್ ಮಾಡಿದ. ಸಂಧಿವಾತದ ಹೆಂಗಸೊಬ್ಬರಿಗೆ ಮೈಸೂರಿನ ತಜ್ಞರು ಕೊಟ್ಟಿದ್ದ ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ನಾನು ಮುಂದುವರಿಸಿ ಬರೆದಿದ್ದೆ. ಅದನ್ನು ವಾರಕ್ಕೊಂದು ದಿನ ಮಾತ್ರ ನುಂಗಬೇಕು. ದಿನಾ ನುಂಗಿದರೆ ರಕ್ತ ಹುಟ್ಟುವ ಮಜ್ಜೆಯೇ ಸೊರಗಿ ಪ್ರಾಣ ಹೋಗಬಹುದು. 'ಸಾರ್, ವಾರ ಯಾವುದೂಂತ ನೀವು ಬರೆದಿಲ್ಲ' ಎಂದ. ಸೋಮವಾರ ಎಂದೆ. ಆ ಕಡೆಯಿಂದ ಅವನು ಹೆಂಗಸಿಗೆ ತಮಿಳಿನಲ್ಲಿ ಅದನ್ನೇ ಎರಡು ಸಲ ಹೇಳುತ್ತಿದ್ದುದು ಫೋನಿನಲ್ಲಿ ಕೇಳಿಸುತ್ತಿತ್ತು.