ಕೈಹಲಗೆಯ ಮೇಲಣ ಚದುರಂಗ ಪತ್ರಿಕೆ

ಚದುರಂಗವನ್ನು ಆಡುವುದೆಂದರೆ ಏನೆಂಬುದು ಎಲ್ಲರಿಗೂ ಗೊತ್ತು. ಅದನ್ನು ಓದುವುದೆಂದರೆ ಏನೆಂಬುದು ಕೆಲವರಿಗೆ ಮಾತ್ರ ಗೊತ್ತು. ಆಡುವುದಕ್ಕೆ ಇಬ್ಬರು ಬೇಕು, ಓದುವುದಕ್ಕೆ ಒಬ್ಬನೇ ಸಾಕು. ಎಂದೋ ಯಾವುದೋ ದೂರದೇಶದಲ್ಲಿ ಇಬ್ಬರು ಕುಳಿತು ಆಡಿದ ಆಟವನ್ನು ಪತ್ರಿಕೆಯಲ್ಲಿ ನೋಡಿಕೊಂಡು, ನಮ್ಮ ಮನೆಯ ಮಣೆಯ ಮೇಲೆ ಒಂದೊಂದೇ ನಡೆಯಾಗಿ ಮರಳಿ ನಡೆಸಿ, ಅವರು ಹಾಗೇಕೆ ಮಾಡಿದರೆಂದು ವಿಚಾರಿಸುವುದೇ ಈ ಓದು. ಈಚೆಗೆ ಆ ಮಣೆಯೂ ಕಾಯಿಗಳೂ ಪತ್ರಿಕೆಯೂ ಒಟ್ಟಾಗಿ ಒಂದೇ ಗಾಜಿನ ಹಲಗೆಯೊಳಗೆ ಸೇರಿಬಿಟ್ಟಿವೆ. ಮೊಬೈಲ್ ಫೋನೆಂದೂ ಟ್ಯಾಬ್ಲೆಟ್ಟೆಂದೂ ಕರೆಯಲ್ಪಡುವ ಈ ಹಲಗೆಯಲ್ಲಿ ಚದುರಂಗದ ಪತ್ರಿಕೆಗಳನ್ನು ಓದುವ ಮಕ್ಕಳು ಈಗ ಅನೇಕ ಮನೆಗಳಲ್ಲಿರುವುದರಿಂದ, ಈ ತಿಂಗಳು ಆ ವಿಷಯವಾಗಿ ನಾಲ್ಕು ಮಾತು ಬರೆಯುವುದು ಅನುಚಿತವಾಗಲಾರದು.

ಮಣೆಯನ್ನು ಹಾಳೆಯಂತೆ ಓದುವುದು ನಮ್ಮ ದೇಶಕ್ಕೆ ಹೊಸದಲ್ಲ. ಒಂಬತ್ತನೆಯ ಶತಮಾನದ ಆಲಂಕಾರಿಕನಾದ ರುದ್ರಟನು ತನ್ನ ಕಾವ್ಯಾಲಂಕಾರದಲ್ಲಿ ತುರಗಪದವೆಂಬ ಚಿತ್ರಬಂಧವನ್ನು ಕೊಟ್ಟಿರುವನು. ಸಾಲಿಗೆ ಎಂಟರಂತೆ ನಾಲ್ಕು ಸಾಲು, ಎಂದರೆ ಅರ್ಧ ಮಣೆಯ ಮೂವತ್ತೆರಡು ಮನೆಗಳಲ್ಲಿ ಶ್ಲೋಕದ ಮೂವತ್ತೆರಡು ಅಕ್ಷರಗಳನ್ನಿಟ್ಟರೆ, ನೇರವಾಗಿ ಓದಿದರೂ ಕುದುರೆಯ ನಡೆಯಂತೆ ಹಾರಿ ಹಾರಿ ಓದಿದರೂ ಅದೇ ಶ್ಲೋಕ ಬರುವುದು. ವೇದಾಂತದೇಶಿಕರು ಪಾದುಕಾಸಹಸ್ರದಲ್ಲಿ ಇನ್ನೂ ಮುಂದೆ ಹೋಗಿ, ಒಂದು ಶ್ಲೋಕವನ್ನು ಕುದುರೆಯ ನಡೆಯಿಂದ ಓದಿದರೆ ಬೇರೊಂದು ಶ್ಲೋಕವೇ ಹುಟ್ಟುವಂತೆ ರಚಿಸಿದರು. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಈ ತುರಗಗತಿಯಲ್ಲಿ ಎಷ್ಟು ಆಸಕ್ತಿಯಿತ್ತೆಂಬುದು ಪ್ರಸಿದ್ಧವಾಗಿಯೇ ಇದೆ. ಇವೆಲ್ಲ ಕಣ್ಣಿಗಿಂತ ಮನಸ್ಸಿಗೆ ಹೆಚ್ಚು ಕೆಲಸ ಕೊಡತಕ್ಕ ಓದು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಇನ್ನು ಆಟವನ್ನು ಬರೆದಿಡುವ ಕ್ರಮ. ಎಡದಿಂದ ಬಲಕ್ಕೆ ಎ ಮೊದಲಾಗಿ ಎಚ್ ವರೆಗೆ ಎಂಟು ಅಕ್ಷರಗಳು, ಕೆಳಗಿನಿಂದ ಮೇಲಕ್ಕೆ ಒಂದರಿಂದ ಎಂಟು ಅಂಕೆಗಳು. ಎರಡನ್ನೂ ಕೂಡಿಸಿದರೆ ಪ್ರತಿಯೊಂದು ಮನೆಗೂ ಒಂದೊಂದು ಹೆಸರಾಯಿತು. ಫಿಲಿಪ್ ಸ್ಟಾಮ್ಮಾ ಎಂಬವನು 1737ರಲ್ಲಿ ಪ್ಯಾರಿಸಿನಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿಯೇ ಈ ಬಗೆಯ ಕ್ರಮವಿದೆ. ಕಾಯಿಗಳ ಸಂಕೇತದಲ್ಲಿ ಮಾತ್ರ ಭಾಷೆಗೊಂದು ತೊಡಕು: ಕುದುರೆಗೆ ಇಂಗ್ಲಿಷಿನವರು ಎನ್ ಎಂದರೆ ಜರ್ಮನರು ಎಸ್ ಎನ್ನುವರು. 1966ರಲ್ಲಿ ಬೆಲ್‌ಗ್ರೇಡಿನಿಂದ ಹೊರಟ ಚೆಸ್ ಇನ್‌ಫಾರ್ಮೆಂಟ್ ಅಕ್ಷರದ ಬದಲು ಕಾಯಿಯ ಪುಟ್ಟ ಚಿತ್ರವನ್ನೇ ಅಚ್ಚು ಹಾಕಿ, ಟಿಪ್ಪಣಿಯನ್ನೂ ಚಿಹ್ನೆಗಳಲ್ಲಿಯೇ ಕೊಟ್ಟು, ಯಾವ ಭಾಷೆಯವನಾದರೂ ಓದುವಂತೆ ಮಾಡಿತು. ಅರ್ಧಮಾತ್ರೆ ಉಳಿದರೆ ಮಗ ಹುಟ್ಟಿದಷ್ಟು ಹಿಗ್ಗುವ ನಮ್ಮ ವೈಯಾಕರಣರು ಇದನ್ನು ಕಂಡಿದ್ದರೆ ಮೆಚ್ಚಿಕೊಳ್ಳುತ್ತಿದ್ದರು. ಆದರೆ ಸೂತ್ರವೊಂದೇ ಇದ್ದರೆ ಸಾಲದಷ್ಟೆ, ಭಾಷ್ಯವೂ ಬೇಕು. ಆ ಭಾಷ್ಯವನ್ನು ಒದಗಿಸುವುದೇ ಪತ್ರಿಕೆಯ ಕೆಲಸ.

ಪತ್ರಿಕೆಯಿಲ್ಲದಿದ್ದರೆ ಏನು ನಷ್ಟವಾಗುತ್ತಿತ್ತೆಂಬುದಕ್ಕೆ ಒಂದು ನಿದರ್ಶನ ಸಾಕು. 1851ರಲ್ಲಿ ಲಂಡನ್ನಿನಲ್ಲಿ ದೊಡ್ಡದೊಂದು ಪಂದ್ಯ ನಡೆದಾಗ, ಬ್ರೆಸ್ಲಾವಿನ ಗಣಿತದ ಉಪಾಧ್ಯಾಯನಾದ ಅಡಾಲ್ಫ್ ಆಂಡರ್ಸೆನ್ನನು (ಉಪಾಧ್ಯಾಯನೆಂಬುದನ್ನು ಅಭಿಮಾನದಿಂದಲೇ ಬರೆಯುತ್ತಿದ್ದೇನೆ) ಬಿಡುವಿನಲ್ಲಿ ಕೀಸೆರಿಟ್ಸ್ಕಿ ಎಂಬವನೊಡನೆ ಸುಮ್ಮನೆ ಒಂದು ಆಟವಾಡಿದನು. ಅದು ಪಂದ್ಯಕ್ಕೆ ಸೇರಿದುದಲ್ಲ. ಅದರಲ್ಲಿ ಅವನು ಒಂದು ಒಂಟೆಯನ್ನೂ ಎರಡು ಆನೆಗಳನ್ನೂ ಕೊನೆಗೆ ಮಂತ್ರಿಯನ್ನೂ ಎದುರಾಳಿಗೆ ಬಿಟ್ಟುಕೊಟ್ಟು, ಉಳಿದ ಒಂದು ಒಂಟೆ ಎರಡು ಕುದುರೆಗಳಿಂದ ರಾಜನನ್ನು ಕಟ್ಟಿಹಾಕಿದನು. ಸೋತ ಕೀಸೆರಿಟ್ಸ್ಕಿ ಪ್ಯಾರಿಸಿನ ಲಾ ರೇಜಾನ್ಸ್ ಎಂಬ ಚದುರಂಗ ಪತ್ರಿಕೆಯ ಸಂಪಾದಕನು. ತನ್ನ ಸೋಲನ್ನು ಮುಚ್ಚಿಡದೆ ತನ್ನ ಪತ್ರಿಕೆಯಲ್ಲಿ ತಾನೇ ಪ್ರಕಟಿಸಿದನು. ಇಂದು ‘ಅಮರ ಆಟ’ವೆಂದು ಲೋಕವೆಲ್ಲ ಕೊಂಡಾಡುವುದು ಇದನ್ನೇ. ಗೆದ್ದವನ ಬುದ್ಧಿ ದೊಡ್ಡದೋ ಸೋತವನ ಮನಸ್ಸು ದೊಡ್ಡದೋ, ವಾಚಕರೇ ನಿರ್ಣಯಿಸಲಿ.

ಇಂತಹ ಪತ್ರಿಕೆ ಕೈಹಲಗೆಗೆ ಬರುವುದು ಎರಡು ವಿಧದಲ್ಲಿ. ಅಚ್ಚಿನ ಪುಟದ ಯಥಾವತ್ತಾದ ಪ್ರತಿಬಿಂಬವಾಗಿ ಬರುವ ಪಿ.ಡಿ.ಎಫ್. ಒಂದು. ಟ್ಯಾಬ್ಲೆಟ್ಟಿನಲ್ಲಿ ಇದನ್ನು ಸುಖವಾಗಿ ಓದಬಹುದು. ಫೋನಿನಲ್ಲಿಯಾದರೋ ಎರಡು ಅಂಕಣಗಳ ಪುಟವನ್ನು ಬೆರಳಿನಿಂದ ಹಿಗ್ಗಿಸಿದೊಡನೆ ಅಕ್ಷರ ಕಾಣುವುದು, ಮಣೆಯ ಚಿತ್ರ ಪರದೆಯಾಚೆ ಓಡಿಹೋಗುವುದು. ಎರಡನೆಯದು ಆ್ಯಪ್. ಇದರಲ್ಲಿ ನಡೆಯ ಮೇಲೆ ಬೆರಳಿಟ್ಟರೆ ಪಕ್ಕದ ಮಣೆಯಲ್ಲಿ ಕಾಯಿ ತಾನಾಗಿಯೇ ಸರಿಯುವುದು. 1993ರಲ್ಲಿ ರೂಪುಗೊಂಡ ಪಿ.ಜಿ.ಎನ್. ಎಂಬ ಬರಹದ ಕ್ರಮವೂ ಈ ಕಾರ್ಯಕ್ಕೆ ಬಹು ಅನುಕೂಲವಾದುದು. ಪಂದ್ಯ, ಸ್ಥಳ, ದಿನ, ಸುತ್ತು, ಬಿಳಿಯವನು, ಕರಿಯವನು, ಫಲಿತಾಂಶ ಎಂಬ ಏಳು ವಿವರಗಳು, ಆಮೇಲೆ ನಡೆಗಳು. ಮನುಷ್ಯನೂ ಓದಬಹುದು, ಯಂತ್ರವೂ ಓದಬಹುದು. ನನ್ನ ವಯಸ್ಸಿನವರಿಗೆ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳುವ ಸೌಕರ್ಯವೊಂದೇ ಸಾಕು, ಈ ಹಲಗೆಯನ್ನು ಹರಸುವುದಕ್ಕೆ. ವಿದೇಶದ ಸಂಚಿಕೆಗಾಗಿ ಅಂಚೆಯವನ ದಾರಿಯನ್ನು ವಾರಗಟ್ಟಲೆ ಕಾಯಬೇಕಾದುದೂ ಇಲ್ಲ.

ಆದರೆ ಕಾಯಿ ತಾನಾಗಿಯೇ ಸರಿಯುವುದರಲ್ಲಿಯೇ ಒಂದು ಅಪಾಯವಿದೆ. ನಮ್ಮ ಮನೆಯಲ್ಲಿ ಹನ್ನೆರಡು ವರ್ಷದ ಮೊಮ್ಮಗನಿರುವನು. ಜಿಲ್ಲೆಯ ಪಂದ್ಯಕ್ಕೆ ಹೋಗಬೇಕೆಂದು ಅವನ ಹಟ. ಒಂದು ಸಂಜೆ ಬಂದು, “ತಾತ, ಈ ಹೊತ್ತು ಇಪ್ಪತ್ತು ಆಟ ಓದಿದೆ” ಎಂದನು. “ಒಳ್ಳೆಯದಪ್ಪ, ಅದರಲ್ಲಿ ಯಾವುದಾದರೂ ಒಂದನ್ನು ಮಣೆಯ ಮೇಲೆ ನಡೆಸಿ ತೋರಿಸು” ಎಂದೆನು. ಎಂಟನೆಯ ನಡೆಗೆ ನಿಂತುಹೋಯಿತು. “ಅಲ್ಲಿ ಒತ್ತಿದರೆ ಮುಂದಿನದು ಬರುತ್ತದೆ, ತಾತ; ಇಲ್ಲಿ ಹೇಗೆ?” ಎಂದನು ಪಾಪ. ಬೆರಳು ಓದಿತ್ತು, ಹುಡುಗನು ಓದಿರಲಿಲ್ಲ. ಪಂದ್ಯದ ಕೋಣೆಯಲ್ಲಿ ಆಟಗಾರನು ಫೋನನ್ನು ಹತ್ತಿರವಿಟ್ಟುಕೊಳ್ಳುವಂತಿಲ್ಲ. ಕಾಯಿಯನ್ನು ಮುಟ್ಟುವುದಕ್ಕೆ ಮೊದಲು ಐದಾರು ನಡೆಗಳನ್ನು ಮನಸ್ಸಿನಲ್ಲಿಯೇ ನಡೆಸಿ ನೋಡಬೇಕು. ಆ ಒಳಗಿನ ಮಣೆಯನ್ನು ಬೆಳೆಸದ ಓದಿನಿಂದ ಅವನಿಗೆ ಅಲ್ಲಿ ಏನು ಸಹಾಯವಾದೀತು?

ಇದಕ್ಕಿಂತ ದೊಡ್ಡ ಪ್ರಲೋಭನವು ಎಂಜಿನ್ ಎಂಬ ಗಣಕ. ಸ್ಟಾಕ್‌ಫಿಷ್ ಮೊದಲಾದ ಈ ಗಣಕಗಳು ಯಾವ ಸ್ಥಿತಿಯನ್ನು ಕೊಟ್ಟರೂ ಕ್ಷಣಮಾತ್ರದಲ್ಲಿ ಇಂತಹವನಿಗೆ ಇಷ್ಟು ಮೇಲುಗೈ ಎಂದು ಒಂದು ಅಂಕೆಯನ್ನು ತೋರಿಸುವುವು. 2024ನೆಯ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಜಗಜ್ಜೇತೃತ್ವದ ಹದಿನಾಲ್ಕನೆಯ ಆಟ ನಡೆಯುತ್ತಿದ್ದಾಗ, ಚೀನದ ಡಿಂಗ್ ಲಿರೆನ್ನನು ಐವತ್ತೈದನೆಯ ನಡೆಯಲ್ಲಿ ಆನೆಯನ್ನು ಎಫ್ 2ನೆಯ ಮನೆಯಲ್ಲಿಟ್ಟನು. ಗಣಕದ ಅಂಕೆ ಒಡನೆಯೆ ಕುಸಿಯಿತು. ಕಂಡವರೆಲ್ಲ ಪ್ರಮಾದವೆಂದು ಕೂಗಿದರು. ಏಕೆ ಪ್ರಮಾದವೆಂದು ಅಂಕೆ ಹೇಳುವುದಿಲ್ಲ. ಚೆನ್ನೈಯ ಹದಿನೆಂಟು ವರ್ಷದ ಗುಕೇಶನಿಗೆ ಒಂದು ಕಾಲಾಳು ಹೆಚ್ಚಾಗಿದ್ದರೂ ಆಟ ಸಮವಾಗಿಯೇ ಮುಗಿಯುವಂತಿತ್ತು. ಆದರೆ ಆನೆಗೆ ಆನೆ ಹೋದ ಮೇಲೆ, ಮೂಲೆಯಲ್ಲಿದ್ದ ಬಿಳಿಯ ಒಂಟೆಯ ಎದುರಿಗೆ ಕರಿಯ ಒಂಟೆ ಬಂದು ನಿಂತರೆ ಅದಕ್ಕೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಒಂಟೆಗೆ ಒಂಟೆಯೂ ಹೋಗಿ, ರಾಜರಿಬ್ಬರು, ಎರಡು ಕಾಲಾಳುಗಳಿಗೆ ಎದುರಾಗಿ ಒಂದು ಕಾಲಾಳು, ಇಷ್ಟೇ ಉಳಿಯುವುದು. ಅಲ್ಲಿಗೆ ಆಟ ಮುಗಿದಂತೆಯೇ. ಈ ಕಾರ್ಯಕಾರಣದ ಸರಪಳಿಯನ್ನು ಬಿಡಿಸಿ ಹೇಳುವ ಲೇಖಕನ ಪುಟವನ್ನು ಬಿಟ್ಟು ಅಂಕೆಯನ್ನು ಮಾತ್ರ ನೋಡುವವನು, ಲೆಕ್ಕದ ಪುಸ್ತಕದ ಹಿಂಬದಿಯ ಉತ್ತರಗಳನ್ನು ಬಾಯಿಪಾಠ ಮಾಡುವ ಹುಡುಗನಂತೆ. ಅಂತಹವರನ್ನು ತರಗತಿಯಲ್ಲಿ ನಾನು ಬೇಕಾದಷ್ಟು ಮಂದಿಯನ್ನು ಕಂಡಿದ್ದೇನೆ.

ಹಲಗೆಯನ್ನು ಕಸಿದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ನಮ್ಮಲ್ಲಿ ಮಾಡಿಕೊಂಡಿರುವ ಏರ್ಪಾಡು ಇಷ್ಟೆ: ಹಲಗೆ ಗೋಡೆಗೆ ಒರಗಿ ನಿಲ್ಲುವುದು, ಮರದ ಮಣೆ ಮುಂದಿರುವುದು, ಪರದೆಯ ಮಣೆಯ ಮೇಲೆ ಒಂದು ರಟ್ಟಿನ ಚೂರು. ದಿನಕ್ಕೆ ಒಂದೇ ಆಟ. ನಡೆಯನ್ನು ಓದುವುದಕ್ಕೆ ಮೊದಲು ತಾನಾದರೆ ಏನು ನಡೆಸುತ್ತಿದ್ದೆನೆಂದು ನೋಟ್ ಪುಸ್ತಕದಲ್ಲಿ ಬರೆಯಬೇಕು. ಗಣಕದ ದರ್ಶನ ಊಟವಾದ ಮೇಲೆ. ಮೊದಲ ವಾರ ಮುಖ ಸಿಂಡರಿಸಿಕೊಂಡನು. ಈಗ ಅಮರ ಆಟವನ್ನು ಅಜ್ಜಿಯ ಮುಂದೆ ಮೊದಲಿನಿಂದ ಕಡೆಯವರೆಗೆ ಪತ್ರಿಕೆಯಿಲ್ಲದೆ ನಡೆಸಬಲ್ಲನು. ಮಂತ್ರಿಯನ್ನು ಬಿಟ್ಟುಕೊಡುವ ಕಡೆಯಲ್ಲಿ ಆಕೆ, “ಅಯ್ಯೋ, ಅದನ್ನೂ ಕೊಟ್ಟುಬಿಟ್ಟನೇನೋ!” ಎಂದು ಪ್ರತಿಸಲವೂ ಮರುಗುವಳು.

ಚಂದಾ ಕಟ್ಟುವ ಹಿರಿಯರಿಗೆ ಒಂದೆರಡು ಸೂಚನೆಗಳು. ಮಾದರಿ ಸಂಚಿಕೆ ಸಿಕ್ಕಿದರೆ ಮೊದಲು ಅದನ್ನು ಮಕ್ಕಳ ಕೈಯಲ್ಲಿ ಓದಿಸಿ ನೋಡತಕ್ಕದ್ದು. ಚಂದಾ ಮುಗಿದ ಮೇಲೆ ಹಳೆಯ ಸಂಚಿಕೆಗಳು ನಮ್ಮಲ್ಲಿಯೇ ಉಳಿಯುವುವೋ ಬಾಗಿಲು ಮುಚ್ಚಿಕೊಳ್ಳುವುವೋ ಎಂಬುದನ್ನು ಹಣ ಕೊಡುವುದಕ್ಕೆ ಮುಂಚೆಯೇ ಕೇಳಿಕೊಳ್ಳಬೇಕು. ಮಲಗುವ ಕೋಣೆಗೆ ಹಲಗೆ ಬೇಡ. ಮರದ ಮಣೆಯನ್ನು ಬೇಕಾದರೆ ಒಯ್ಯಲಿ.